ಆನ್‌ಲೈನ್ ಅಂದಾಜು 1.98 ಕೋಟಿ ಅಂತ ಓನರ್ ಪಟ್ಟು: ಲೆಕ್ಕ ಬಿಡಿಸಿ ತೋರಿಸೋದು ಹೇಗೆ?

ದಕ್ಷಿಣ_ಬ್ರೋಕರ್ (ಪ್ರಶ್ನೆ)
ಬೆಂಗಳೂರಲ್ಲಿ 30×40 ಸೈಟು, 20 ಅಡಿ ರಸ್ತೆ, ಎ ಖಾತಾ (ದಾಖಲೆ ಕ್ರಮಬದ್ಧವಾಗಿರೋ ಸ್ವತ್ತು). 25 ವರ್ಷದ ಹಳೇ ಮನೆ, ಕೆಳಗೆ ಮೇಲೆ ಸೇರಿ 18 ಚದರ (ಒಂದು ಚದರ ಅಂದ್ರೆ 100 ಚದರಡಿ). ವೆಬ್‌ಸೈಟ್ ತೋರಿಸ್ತಿರೋದು 1.98 ಕೋಟಿ. ಆ ಬೀದಿಯಲ್ಲಿ ಖಾಲಿ ಸೈಟು ಅಡಿಗೆ 12,000ದ ಆಸುಪಾಸಲ್ಲಿ ಹೋಗ್ತಿದೆ. ಓನರ್ ಮೊಬೈಲ್ ಹಿಡಿದು "ಕಂಪ್ಯೂಟರೇ ಹೇಳ್ತಿದೆ, ನೀವ್ಯಾಕ್ರೀ ಇಳಿಸ್ತೀರಾ" ಅಂತಾರೆ. ಬಾಯಿಮಾತು ನಡೆಯಲ್ಲ, ಕಾಗದದ ಮೇಲೆ ಏನು ತೋರಿಸಬೇಕು?

ಚೆಕ್ಕುಬಂದಿ
ಮೊದಲು 1.98 ಎಲ್ಲಿಂದ ಬಂತು ನೋಡಿ. 1,800 ಚದರಡಿ × 11,000. ಅಂದ್ರೆ ಆ ಏರಿಯಾದ ಮನೆ ಜಾಹೀರಾತುಗಳ ಸರಾಸರಿಯನ್ನ ಕಟ್ಟಡದ ಅಳತೆಗೆ ಗುಣಿಸಿದೆ, ಅಷ್ಟೇ. ಆ ಜಾಹೀರಾತುಗಳಲ್ಲಿ ಹೊಸದಾಗಿ ಕಟ್ಟಿ ಮಾರೋ ಮನೆಗಳೇ ಜಾಸ್ತಿ.

ನೆಲ ಬೇರೆ, ಕಟ್ಟಡ ಬೇರೆ ಮಾಡಿ:
ನೆಲ: 1,200 × 12,000 = 1.44 ಕೋಟಿ.
ಕಟ್ಟಡ: ಇವತ್ತು ಹೊಸದಾಗಿ ಕಟ್ಟೋಕೆ ಚದರಕ್ಕೆ 2.2 ಲಕ್ಷ ಹಿಡಿದ್ರೆ 39.6 ಲಕ್ಷ. ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯೋ ಸಾಮಾನಿನ ಬೆಲೆ 10% ಅಂತಿಟ್ಟು 25 ವರ್ಷದ ಸವಕಳಿ ಕಳೀರಿ: 14.85 ಲಕ್ಷ. ಉಳಿದದ್ದು 24.75 ಲಕ್ಷ.
ಒಟ್ಟು 1.68 ಕೋಟಿ ಚಿಲ್ಲರೆ. ತಗೊಳ್ಳೋರು ಕೆಡವಿ ಕಟ್ಟೋರಾದ್ರೆ ಕಟ್ಟಡಕ್ಕೆ ಸೊನ್ನೆ, 1.44ಕ್ಕೇ ನಿಲ್ತಾರೆ.

ಓನರ್ ಇನ್ನೂ ಒಪ್ಪದಿದ್ರೆ ಅದೇ ವೆಬ್‌ಸೈಟಿನಲ್ಲಿ 18 ಚದರದ ಜಾಗದಲ್ಲಿ 8 ಚದರ ಅಂತ ಹಾಕಿಸಿ. 88 ಲಕ್ಷ ಅನ್ನುತ್ತೆ! ಬರೀ ನೆಲವೇ 1.44 ಬಾಳೋ ಕಡೆ. ಇದಾದ ಮೇಲೆ ಮೊಬೈಲ್ ಜೇಬಿಗೆ ಹೋಗುತ್ತೆ.

ಇಸಿ_ನೋಡಿ
ಲೆಕ್ಕ ಸರಿ. ಆದ್ರೆ 12,000 ಅನ್ನೋದಕ್ಕೂ ಆಧಾರ ಬೇಕು, ಇಲ್ಲಾಂದ್ರೆ ನಿಮ್ಮದೂ ಅಂದಾಜೇ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅಕ್ಕಪಕ್ಕದ ಸ್ವತ್ತಿನ ಇಸಿ (ಋಣಭಾರ ಪತ್ರ) ತೆಗೆದ್ರೆ ಕ್ರಯದ ಮೊತ್ತ ಸಿಗುತ್ತೆ, ಆದ್ರೆ ಹಾಗೇ ನಂಬಬೇಡಿ. ಬಿಡಿ ಮನೆ, ಸೈಟುಗಳಲ್ಲಿ ಪತ್ರದ ಬೆಲೆ ಎಷ್ಟೋ ಸಲ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ದರ) ಪಕ್ಕದಲ್ಲೇ ಕೂತಿರುತ್ತೆ. ಬ್ಯಾಂಕ್ ಸಾಲದಲ್ಲಿ ಆದ ವ್ಯವಹಾರವಾದ್ರೆ ನಿಜಕ್ಕೆ ಹತ್ತಿರ, ಇಸಿಯಲ್ಲಿ ಅಡಮಾನದ ನಮೂದಿದ್ರೆ ಗೊತ್ತಾಗುತ್ತೆ. ಅಂಥ ಮೂರು ಆರಿಸಿ. ಒಂದು ವರ್ಷದೊಳಗಿನವು, ಅದೇ ಅಗಲದ ರಸ್ತೆ, ಅದೇ ಖಾತಾ ಇರಲಿ.

ಯಂತ್ರಕ್ಕೆ ಸಿಗೋದು ಎರಡೇ: ಓನರ್ ಕೇಳೋ ಬೆಲೆ, ಪತ್ರದಲ್ಲಿ ಬರೆದ ಬೆಲೆ. ಕೊಟ್ಟು ತಗೊಂಡ ಬೆಲೆ ಇವೆರಡರ ಮಧ್ಯೆ ಎಲ್ಲೋ ಇರುತ್ತೆ. ಬಿ ಖಾತಾ (ದಾಖಲೆ ಪೂರ್ತಿ ಕ್ರಮಬದ್ಧವಲ್ಲದ್ದು), ಬೀದಿ ಕುತ್ತು (ರಸ್ತೆ ನೇರ ಸೈಟಿಗೆ ಬಂದು ನಿಲ್ಲೋದು), ಹಿಂದೆ ರಾಜಕಾಲುವೆ, ಆಡ್ ಸೈಟು (ಚೌಕವಿಲ್ಲದ ಸೈಟು) ಇದ್ಯಾವುದೂ ಅದಕ್ಕೆ ಕಾಣಲ್ಲ.

ಫ್ಲ್ಯಾಟ್_ಮಾತ್ರ
ಎಲ್ಲದಕ್ಕೂ ಬೈಬೇಡಿ. ನೂರಾರು ಫ್ಲ್ಯಾಟಿನ ದೊಡ್ಡ ಕಾಂಪ್ಲೆಕ್ಸಲ್ಲಿ ಒಂದೇ ಅಳತೆಯ ಮನೆಗಳು, ಹೆಚ್ಚಿನವು ಸಾಲದ ಮೇಲೆ ತಗೊಂಡವು. ಅಲ್ಲಿ ಅಂದಾಜು ಸುಮಾರಾಗಿ ಹೊಂದುತ್ತೆ. ತಪ್ಪೋದು ಅಳತೆ ತುಂಬುವಾಗ. ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಅಳತೆ) 1,500 ಚದರಡಿ ಇರೋ ಮನೆಗೆ ಓನರ್ ಕಾರ್ಪೆಟ್ (ಗೋಡೆಯೊಳಗಿನ ಬರೀ ನೆಲ) 1,050 ಅಂತ ಹಾಕ್ತಾರೆ, ಯಂತ್ರ ಸೂಪರ್ ಬಿಲ್ಟಪ್ ದರ 8,000 ಗುಣಿಸುತ್ತೆ. 1.2 ಕೋಟಿ ಮನೆ 84 ಲಕ್ಷ! ಹಳೇ ಫ್ಲ್ಯಾಟಿಗೆ ಯುಡಿಎಸ್ (ನೆಲದಲ್ಲಿ ಆ ಫ್ಲ್ಯಾಟಿನ ಪಾಲು) ಎಷ್ಟು ಅಡಿ ಅಂತ ಕ್ರಯಪತ್ರದ ಷೆಡ್ಯೂಲಲ್ಲಿ ನೋಡಿ, ಅದನ್ನೂ ಬರೆದುಕೊಡಿ.

ಸಿಯಾಟಲ್_ಕನ್ನಡಿಗ
ಇಲ್ಲೂ ಇದೇ ರಗಳೆ. ಅಮೆರಿಕದ ಮನೆ ಮಾರಾಟದ ವೆಬ್‌ಸೈಟ್ ಜಿಲ್ಲೋ ಕೊಡೋ ಬೆಲೆ ಅಂದಾಜು, ಜೆಸ್ಟಿಮೇಟ್, 2006ರಿಂದ ಇದೆ. ಮಾರಾಟಕ್ಕಿಟ್ಟ ಮನೆಗಳಲ್ಲಿ ಅದರ ತಪ್ಪು ಕಮ್ಮಿ, ಇಡದ ಮನೆಗಳಲ್ಲಿ ಜಾಸ್ತಿ. ಗುಟ್ಟೇನಿಲ್ಲ, ಏಜೆಂಟ್ ಹಾಕಿದ ಲಿಸ್ಟಿಂಗ್ ಬೆಲೆಯನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ಹಾಗಾಗಿ ಲಿಸ್ಟ್ ಆಗೋ ಮುಂಚಿನ ಅಂದಾಜನ್ನ ಪ್ರಿಂಟ್ ತೆಗೆದಿಟ್ಕೊಳ್ಳಿ, ಲಿಸ್ಟಿಂಗ್ ಬೆಲೆ ನೋಡಿ ಅದು ಹೇಗೆ ಸರಿದಿದೆ ಅಂತ ಆಮೇಲೆ ತೋರಿಸಬಹುದು. ಮನೆ ಕೊಂಡು ಮಾರೋ ವ್ಯಾಪಾರಕ್ಕಿಳಿದ ಅದೇ ಕಂಪನಿ 2021ರ ನವೆಂಬರಲ್ಲಿ ಅದನ್ನ ಮುಚ್ಚೋದಾಗಿ ಹೇಳಿತು. ಕೊಟ್ಟ ಕಾರಣ, ಮುಂದಿನ ಬೆಲೆ ಊಹಿಸೋದು ಅಂದುಕೊಂಡದ್ದಕ್ಕಿಂತ ಕಷ್ಟ ಅಂತ.

ದಕ್ಷಿಣ_ಬ್ರೋಕರ್
8 ಚದರದ ಉಪಾಯ ಚೆನ್ನಾಗಿದೆ ಸಾರ್. ಆದ್ರೂ "1.98ಕ್ಕೆ ಹಾಕಿ ನೋಡೋಣ, ಯಾರೋ ಒಬ್ಬರು ಬರ್ತಾರೆ" ಅಂದ್ರೆ?

ಚೆಕ್ಕುಬಂದಿ
ಬರೋರ ಜೇಬಿನ ಲೆಕ್ಕ ಬರೆದು ತೋರಿಸಿ. ಬ್ಯಾಂಕಿನ ವ್ಯಾಲ್ಯುಯರ್ (ಬೆಲೆ ಕಟ್ಟೋನು) 1.65 ಕೋಟಿ ಬರೆದ ಅಂತಿಟ್ಕೊಳ್ಳಿ. ಸಾಲ 75 ಲಕ್ಷ ದಾಟಿದ್ರೆ ಮಿತಿ 75%, ಹೆಚ್ಚಂದ್ರೆ 1.23 ಕೋಟಿ ಚಿಲ್ಲರೆ. ಮಿಕ್ಕ 74 ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ, ಸೆಸ್, ನೋಂದಣಿ ಸೇರಿ 7.6% ಅಂದ್ರೆ 15 ಲಕ್ಷ, ಅದೂ ಸಾಲದಲ್ಲಿ ಬರಲ್ಲ. 89 ಲಕ್ಷ ಕೈಯಲ್ಲಿಟ್ಕೊಂಡು 20 ಅಡಿ ರಸ್ತೆಯ ಹಳೇ ಮನೆಗೆ ಯಾರು ಬರ್ತಾರೆ ಅಂತ ಓನರನ್ನೇ ಕೇಳಿ.