ಮಾಂದಲಪಟ್ಟಿ ಕಲ್ಲಿಗೆ ಸೈಕಲ್ಲಿನ ಹಿಂದಿನ ರಿಮ್ ಹೋಯಿತು, ಒಳ ಅಗಲ 25 ಮಿ.ಮೀ. ಇರುವುದು ಹಾಕಲೋ 30 ಹಾಕಲೋ?

ತೋಟದ ಸೈಕಲ್ಲು, ಮಾದಾಪುರ:
ಭಾನುವಾರ ಮಾಂದಲಪಟ್ಟಿ ಜೀಪ್ ದಾರಿಯಲ್ಲಿ ಇಳಿಯುವಾಗ ಹಿಂದಿನ ಚಕ್ರ ಚೂಪು ಕಲ್ಲಿಗೆ ಬಡಿಯಿತು. ಟ್ಯೂಬಿನಲ್ಲಿ ಜೋಡಿ ತೂತು, ರಿಮ್ಮಿನ ಅಂಚು ಒಳಗೆ ಮಡಚಿದೆ. ಹೋದ ವರ್ಷವೂ ಹೀಗೇ ಆಗಿತ್ತು. ಆಗ ಅಂಗಡಿಯವರು ತಗ್ಗಾದ ಜಾಗದ ಕಡ್ಡಿಗಳನ್ನೇ ಎಳೆದು ಬಿಗಿ ಮಾಡಿ ನೇರ ಮಾಡಿಕೊಟ್ಟರು. ಮೂರು ವಾರಕ್ಕೆ ಎರಡು ಕಡ್ಡಿ ಪಟ್ ಅಂದವು. ಈ ಸಲ ಕಾಫಿ ಕಣದಲ್ಲಿ ಸೈಕಲ್ ತಲೆಕೆಳಗೆ ಮಾಡಿಕೊಂಡು ನಾನೇ ಕಡ್ಡಿ ತಿರುವಿದೆ. ಈಗ ಚಕ್ರ ಕೋಳಿಮೊಟ್ಟೆ ಆಗಿದೆ.

29 ಇಂಚಿನ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್. ರಿಮ್ ಒಳ ಅಗಲ 19 ಮಿ.ಮೀ., ಟೈರ್ ಅಗಲ 2.25 ಇಂಚು. ನನ್ನ ತೂಕ 82 ಕೆ.ಜಿ. ಟ್ಯೂಬ್ ಹಾಕಿ ಗಾಳಿ 38 ಪಿಎಸ್‌ಐ ಒತ್ತಡಕ್ಕೆ ತುಂಬುತ್ತೇನೆ. ಗೆಳೆಯ ಕಾರ್ಬನ್ ರಿಮ್ ತಗೋ ಅಂತಾನೆ. ಮೆಣಸು ಮಾರಿದ ದುಡ್ಡೆಲ್ಲ ಚಕ್ರಕ್ಕೆ ಸುರಿದರೆ ಮನೆಯವಳು ಸೈಕಲ್ ಜೊತೆ ನನ್ನನ್ನೂ ಕಣದಲ್ಲೇ ಮಲಗಿಸುತ್ತಾಳೆ.

ಕೆಸರುಗಾಲು, ಮಡಿಕೇರಿ:
ಅಣ್ಣ, ಕಾರ್ಬನ್ ಬೇಡ. ಅದು ತಗ್ಗಾಗಲ್ಲ, ಜೋರು ಪೆಟ್ಟು ಬಿದ್ದರೆ ಸೀಳುತ್ತದೆ. ಅಲ್ಯೂಮಿನಿಯಂ ಅಂಚು ಬಾಗಿದರೆ ಸ್ಪ್ಯಾನರ್ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಮನೆ ಸೇರಬಹುದು. ನಮ್ಮ ಕಡೆ ಅದೇ ದೊಡ್ಡ ವಿಷಯ, ಅಲ್ವಾ? ಇಂಬಳ ಕಚ್ಚುವ ಜಾಗದಲ್ಲಿ ಸೈಕಲ್ ಹೊತ್ತು ನಡೆದಿದ್ದೇನೆ, ಎರಡನೇ ಸಲ ಬೇಡ.

19 ತುಂಬಾ ಸಣ್ಣದು. ಅದರ ಮೇಲೆ 2.25 ಟೈರ್ ಬಲ್ಬಿನ ಹಾಗೆ ಉಬ್ಬಿ ನಿಲ್ಲುತ್ತದೆ, ತಿರುವಿನಲ್ಲಿ ಹೊರಳುತ್ತದೆ. ಹೊರಳಬಾರದು ಅಂತ ನೀವು ಗಾಳಿ ಜಾಸ್ತಿ ತುಂಬುತ್ತೀರಿ. ಅಗಲ ರಿಮ್ ಹಾಕಿ ಟ್ಯೂಬ್ ತೆಗೆದರೆ 25 ಪಿಎಸ್‌ಐ ಆಸುಪಾಸಿಗೆ ಇಳಿಸಬಹುದು. ಟ್ಯೂಬ್ ಇಲ್ಲದ ಟೈರಿನೊಳಗೆ ಹಾಕುವ, ತೂತು ಮುಚ್ಚುವ ದ್ರವ ಸೀಲೆಂಟ್ ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ನೋಡುತ್ತಿರಿ, ಒಣಗುತ್ತದೆ. ಟೈರ್ ರಿಮ್ಮಿನ ಅಂಚಿಗೆ ಕೂರದೆ ಸತಾಯಿಸಿದರೆ ಲಾರಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. ಸಣ್ಣ ವಾಲ್ವಿಗೆ ಹಾಕುವ ಅಡಾಪ್ಟರ್ ಜೇಬಲ್ಲಿರಲಿ. ನನ್ನ ಓಟು 30 ಮಿ.ಮೀ. ರಿಮ್ಮಿಗೆ.

ಕಡ್ಡಿ ಲೆಕ್ಕ, ಮೈಸೂರು:
30 ಅನ್ನುವ ಮೊದಲು ಫ್ರೇಮ್ ನೋಡಿ ಸರ್. ರಿಮ್ ಒಂದು ಮಿ.ಮೀ. ಅಗಲವಾದರೆ ಟೈರ್ ಸುಮಾರು 0.4 ಮಿ.ಮೀ. ಹರಡುತ್ತದೆ. ಅಂದರೆ 19ರಿಂದ 30ಕ್ಕೆ ಹೋದರೆ ನಿಮ್ಮ ಇದೇ ಟೈರ್ ನಾಲ್ಕು ಮಿ.ಮೀ.ಗೂ ಸ್ವಲ್ಪ ಹೆಚ್ಚು ಅಗಲ ಆಗುತ್ತದೆ. 2.4 ಹಾಕಿದರೆ ಇನ್ನೂ ನಾಲ್ಕು. ಹಿಂದಿನ ಚಕ್ರದ ಎರಡೂ ಪಕ್ಕ ಎಷ್ಟು ಸಂದು ಇದೆ, ಅಳೆಯಿರಿ. ಜೂನ್‌ನಲ್ಲಿ ನಿಮ್ಮ ಕೆಂಪು ಮಣ್ಣು ಆ ಸಂದಿಗೆ ಮೆತ್ತಿಕೊಂಡರೆ ಚಕ್ರ ತಿರುಗುವುದೇ ಇಲ್ಲ, ಪೇಂಟೂ ಹೋಗುತ್ತದೆ.

ಹಬ್‌ನಲ್ಲಿ, ಅಂದರೆ ಚಕ್ರದ ನಡುವಿನ ಗುಂಬದಲ್ಲಿ, ಕಡ್ಡಿಗೆ ಎಷ್ಟು ತೂತೋ ಅಷ್ಟೇ ತೂತಿನ ರಿಮ್ ತರಬೇಕು. 28 ಇದ್ದರೆ, ನಿಮ್ಮ ತೂಕಕ್ಕೂ ಆ ಕಲ್ಲಿಗೂ ಹಬ್ ಸಮೇತ 32ಕ್ಕೆ ಹೋಗಿ. ಹಳೇ ಕಡ್ಡಿ ಮತ್ತೆ ಹಾಕಬೇಡಿ. ರಿಮ್ ಬದಲಾದರೆ ಕಡ್ಡಿಯ ಉದ್ದವೂ ಬದಲಾಗಬಹುದು. ನಿಮ್ಮ ಕಡ್ಡಿ ಮುರಿದದ್ದು ಕಲ್ಲಿಂದಲ್ಲ. ತಗ್ಗಾದ ಕಡೆ ಕೆಲವನ್ನು ಅತಿ ಬಿಗಿ, ಪಕ್ಕದವನ್ನು ಸಡಿಲ ಬಿಟ್ಟರೆ ಬಿಗಿ ಸಮವಾಗಿರುವುದಿಲ್ಲ. ಸಡಿಲವಾದವು ಪ್ರತಿ ಸುತ್ತಿಗೂ ಆಡಿ ಆಡಿ ಬಗ್ಗಿದ ಜಾಗದಲ್ಲಿ ತುಂಡಾಗುತ್ತವೆ. ಹೊಸ ಚಕ್ರವನ್ನೂ ಎರಡು ಮೂರು ಸವಾರಿ ಆದ ಮೇಲೆ ಒಮ್ಮೆ ಬಿಗಿ ನೋಡಿಸಿ.

ತೋಟದ ಸೈಕಲ್ಲು, ಮಾದಾಪುರ:
ಅಳೆದೆ. ಹಿಂದೆ ಪಕ್ಕಕ್ಕೆ ಆರೇ ಮಿ.ಮೀ. 30ರ ಮೇಲೆ 2.4 ಹಾಕಿದರೆ ಉಳಿಯುವುದು ಎರಡು, ಮಳೆಗಾಲದಲ್ಲಿ ಅದು ಏನೂ ಅಲ್ಲ. ಹಾಗಾಗಿ ಹಿಂದೆ ಅಲ್ಯೂಮಿನಿಯಂ 25, ಟೈರ್ ಇದೇ 2.25. ಮುಂದಿನ ಫೋರ್ಕಿನಲ್ಲಿ ಜಾಗ ಬೇಕಾದಷ್ಟಿದೆ, ಕೆಸರುಗಾಲಿನವರ 30 ಅಲ್ಲಿಗೆ, ಆದರೆ ಮುಂದಿನ ಮೆಣಸಿನ ಕೊಯ್ಲಿಗೆ. ಹಬ್ ತೂತು ಮಗಳ ಕೈಲಿ ಎಣಿಸಿದೆ. 32 ಇದೆಯಂತೆ. ಒಂದು ಸಲ 31 ಅಂದಳು.