ವಿಎ ಎಕ್ಮೊ ಓಡುತ್ತಿದೆ, ಆರ್ಟೀರಿಯಲ್ ಲೈನ್ ಗೆರೆ ಮಾತ್ರ ಚಪ್ಪಟೆ. ಏಕೆ?

ಪ್ರಶ್ನೆ (ಐಸಿಯು ನರ್ಸ್): ಸರ್, ಹೃದಯಾಘಾತದ ನಂತರ ಕಾರ್ಡಿಯೋಜೆನಿಕ್ ಶಾಕ್ (ಹೃದಯ ಸೋತು ದೇಹಕ್ಕೆ ರಕ್ತ ಸಾಲದ ಸ್ಥಿತಿ) ಆದ ರೋಗಿಗೆ ತೊಡೆಸಂದಿಯಿಂದ ವಿಎ ಎಕ್ಮೊ (ಸಿರೆಯಿಂದ ರಕ್ತ ತೆಗೆದು, ಆಕ್ಸಿಜನ್ ಸೇರಿಸಿ, ಧಮನಿಗೆ ಮರಳಿಸುವ ಯಂತ್ರ) ಹಾಕಿದೆ. ಫ್ಲೋ ನಿಮಿಷಕ್ಕೆ 4.5 ಲೀಟರ್, ಮ್ಯಾಪ್ (ಸರಾಸರಿ ರಕ್ತದೊತ್ತಡ) 70, ಲ್ಯಾಕ್ಟೇಟ್ (ದೇಹಕ್ಕೆ ರಕ್ತ ಸಾಲದಾಗ ಏರುವ ಅಂಶ) ಇಳಿಯುತ್ತಿದೆ. ಆದರೆ ಆರ್ಟೀರಿಯಲ್ ಲೈನ್ (ಧಮನಿಯೊಳಗಿಟ್ಟು ರಕ್ತದೊತ್ತಡ ಅಳೆಯುವ ನಳಿಕೆ) ಗೆರೆ ಚಪ್ಪಟೆಯಾಗಿದೆ, ಇಟಿ ಟ್ಯೂಬಲ್ಲಿ (ಶ್ವಾಸನಾಳದ ಕೊಳವೆ) ಗುಲಾಬಿ ನೊರೆ ಬರುತ್ತಿದೆ. ಅಂಕಿಗಳೆಲ್ಲ ಸರಿ ಇರುವಾಗ ಇದೇನು?

ಉತ್ತರ (ಇಂಟೆನ್ಸಿವಿಸ್ಟ್, ಅಂದರೆ ಐಸಿಯು ವೈದ್ಯ): ಮ್ಯಾಪ್ ಸರಿ ಇದ್ದರೆ ಹೃದಯ ಸರಿ ಇದೆ ಎಂದಲ್ಲ. ಎಕ್ಮೊ ರಕ್ತವನ್ನು ಕೆಳಗಿನಿಂದ ಮಹಾಪಧಮನಿಗೆ ಹೃದಯಕ್ಕೆ ಎದುರಾಗಿ ತಳ್ಳುತ್ತದೆ. ಸೋತ ಎಡ ಹೃತ್ಕುಕ್ಷಿಗೆ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಆ ಒತ್ತಡ ಮೀರಿ ಕವಾಟ ತೆರೆಯಲು ಆಗುವುದಿಲ್ಲ. ಇತ್ತ ಬ್ರಾಂಕಿಯಲ್ ರಕ್ತನಾಳಗಳಿಂದ, ಶ್ವಾಸಕೋಶ ದಾಟಿ ಉಳಿದ ಹರಿವಿನಿಂದ ಒಳಗೆ ರಕ್ತ ತುಂಬುತ್ತಲೇ ಇರುತ್ತದೆ. ಕುಕ್ಷಿ ಉಬ್ಬಿ ಒತ್ತಡ ಶ್ವಾಸಕೋಶಕ್ಕೆ ಹಿಮ್ಮರಳುತ್ತದೆ. ನಿಮ್ಮ ನೊರೆ ಅದೇ. ಪಲ್ಸ್ ಪ್ರೆಶರ್ (ಮೇಲಿನ, ಕೆಳಗಿನ ರಕ್ತದೊತ್ತಡಗಳ ಅಂತರ) 10ಕ್ಕಿಂತ ಕೆಳಗಿಳಿದರೆ ಕೂಡಲೇ ಎಚ್ಚೆತ್ತುಕೊಳ್ಳಿ.

ಈಗಲೇ ಎಕೊ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ. ಮಹಾಪಧಮನಿ ಕವಾಟ ಪ್ರತಿ ಬಡಿತಕ್ಕೂ ತೆರೆಯುತ್ತಿದೆಯೇ, ಸೋರುತ್ತಿದೆಯೇ, ಕುಕ್ಷಿಯಲ್ಲಿ ಹೊಗೆಯಾಡಿದಂತೆ ರಕ್ತ ನಿಂತಿದೆಯೇ ಎಂದು ನೋಡಬೇಕು. ನಿಂತ ರಕ್ತ ಗಟ್ಟಿಯಾದರೆ ಕಥೆ ಮುಗಿದಂತೆ; ಹೆಪಾರಿನ್ (ಹೆಪ್ಪುಗಟ್ಟುವಿಕೆ ತಡೆಯುವ ಔಷಧಿ) ಇದ್ದರೂ ಆಗುತ್ತದೆ.

ಮ್ಯಾಪ್ 60–65 ಉಳಿದು ಲ್ಯಾಕ್ಟೇಟ್ ಏರದಷ್ಟಕ್ಕೆ ಫ್ಲೋ ಇಳಿಸಿ, ಅರ್ಧರ್ಧ ಲೀಟರಿನಂತೆ. ರಕ್ತನಾಳ ಬಿಗಿಸುವ ನಾರ್‌ಅಡ್ರಿನಲಿನ್ ತಗ್ಗಿಸಿ, ಹೃದಯದ ಬಡಿತಕ್ಕೆ ಬಲ ಕೊಡುವ ಡೊಬುಟಮಿನ್ ಕಡಿಮೆ ಡೋಸಲ್ಲಿ ಕೊಡಿ, ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಏರಿಸಿ, ದೇಹದ ಹೆಚ್ಚುವರಿ ನೀರು ತೆಗೆಯಿರಿ. ಕವಾಟ ಆಗಲೂ ತೆರೆಯದಿದ್ದರೆ ಕಾಯಬಾರದು, ಕುಕ್ಷಿಯನ್ನು ಬೇರೆ ದಾರಿಯಲ್ಲಿ ಖಾಲಿ ಮಾಡಬೇಕು: ಇಂಪೆಲ್ಲಾ (ಕವಾಟದ ಮೂಲಕ ಕುಕ್ಷಿಗೆ ಇಳಿಸುವ ಪುಟ್ಟ ಪಂಪ್), ಬಲೂನ್ ಪಂಪ್ (ಮಹಾಪಧಮನಿಯಲ್ಲಿ ಉಬ್ಬಿ ಇಳಿಯುವ ಬಲೂನ್) ಅಥವಾ ಸೆಪ್ಟಾಸ್ಟಮಿ (ಹೃದಯದ ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ). ಕುಕ್ಷಿಯಲ್ಲಿ ಹೆಪ್ಪು ಇದ್ದರೆ, ಲೋಹದ ಮಹಾಪಧಮನಿ ಕವಾಟ ಇದ್ದರೆ ಇಂಪೆಲ್ಲಾ ಬೇಡ. ಕವಾಟ ಗಣನೀಯವಾಗಿ ಸೋರುತ್ತಿದ್ದರೆ ಬಲೂನ್ ಬೇಡ, ಅದು ಉಬ್ಬಿದಾಗಲೆಲ್ಲ ರಕ್ತ ಹಿಂದಕ್ಕೇ ಹೋಗುತ್ತದೆ.

ಉತ್ತರ (ಪರ್ಫ್ಯೂಷನಿಸ್ಟ್, ಅಂದರೆ ಎಕ್ಮೊ ಯಂತ್ರ ನಡೆಸುವವರು): ಬಲೂನ್ ಹಾಕಿದರೆ ಅದನ್ನು ಉಬ್ಬಿಸುವ ಹೀಲಿಯಂ ನಳಿಕೆಯನ್ನೂ ನೋಡುತ್ತಿರಿ. ಕಂದು ಪುಡಿಯೋ ರಕ್ತವೋ ಕಂಡರೆ ಬಲೂನ್ ಹರಿದಿದೆ. ಪಂಪ್ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ, ಮತ್ತೆ ಚಾಲೂ ಮಾಡಬೇಡಿ.

ಪ್ರಶ್ನೆ (ನರ್ಸ್): ಗೆರೆಯಲ್ಲಿ ಅಲೆ ಮರಳಿದ ಮೇಲೆ ನಿಶ್ಚಿಂತೆಯೇ? ಸ್ಯಾಚುರೇಶನ್ ಪ್ರೋಬ್ ಕಾಲಿಗೆ ಹಾಕಿದರೆ ಸಾಕಲ್ಲವೇ?

ಉತ್ತರ (ಇಂಟೆನ್ಸಿವಿಸ್ಟ್): ಕಾಲು ಬೇಡ, ಬಲಗೈ. ಆರ್ಟೀರಿಯಲ್ ಲೈನೂ ಬಲಗೈಯಲ್ಲೇ ಇರಲಿ. ಚೇತರಿಸಿಕೊಂಡ ಹೃದಯ ಕೆಟ್ಟ ಶ್ವಾಸಕೋಶ ದಾಟಿ ಬಂದ ರಕ್ತವನ್ನು ತಳ್ಳುತ್ತದೆ. ಅದು ಮೊದಲು ತಲುಪುವುದು ಹೃದಯದ ಸ್ವಂತ ರಕ್ತನಾಳ, ಮೆದುಳು, ಬಲಗೈ. ಕಾಲಲ್ಲಿ 99, ಬಲಗೈಯಲ್ಲಿ 82 ತೋರಿಸುವುದು ಆಗಲೇ. ಎಕ್ಮೊದ ಸ್ವೀಪ್ ಗ್ಯಾಸ್ (ಯಂತ್ರದೊಳಗೆ ಹರಿಸುವ ಅನಿಲ) ಏರಿಸಿ ಪ್ರಯೋಜನವಿಲ್ಲ, ಎಕ್ಮೊದ ರಕ್ತ ಅಲ್ಲಿಗೆ ತಲುಪುವುದೇ ಇಲ್ಲ. ವೆಂಟಿಲೇಟರಿನ ಆಕ್ಸಿಜನ್, ಪೀಪ್ ಏರಿಸಿ. ಸಾಲದಿದ್ದರೆ ಕತ್ತಿನ ಸಿರೆಗೆ ಇನ್ನೊಂದು ರಿಟರ್ನ್ ಕ್ಯಾನುಲಾ (ರಕ್ತ ಮರಳಿಸುವ ಕೊಳವೆ), ಅಂದರೆ ವಿ-ಎವಿ. ಹೃದಯ ಪೂರ್ತಿ ಚೇತರಿಸಿದ್ದರೆ ವಿವಿಗೆ (ಸಿರೆಯಿಂದ ತೆಗೆದು ಸಿರೆಗೇ ಮರಳಿಸುವ ಎಕ್ಮೊ) ಬದಲಿಸಿ.

ಕಾಲಿನ ಪ್ರೋಬನ್ನೂ ತೆಗೆಯಬೇಡಿ. ಕ್ಯಾನುಲಾ ಇರುವ ಕಾಲು ತಣ್ಣಗಾದರೆ, ಬಿಳಿಚಿಕೊಂಡರೆ ಡಿಸ್ಟಲ್ ಪರ್ಫ್ಯೂಷನ್ ಕ್ಯಾನುಲಾ (ಆ ಕಾಲಿನ ಕೆಳಭಾಗಕ್ಕೆ ರಕ್ತ ಕೊಡುವ ಸಣ್ಣ ಕೊಳವೆ) ಮಡಚಿದೆಯೇ, ಹೆಪ್ಪುಗಟ್ಟಿದೆಯೇ ನೋಡಿ. ಗಂಟೆಗೊಮ್ಮೆ ಡಾಪ್ಲರ್ (ರಕ್ತದ ಹರಿವು ಪತ್ತೆಹಚ್ಚುವ ಸಾಧನ) ಇಡಿ.