ಅಪ್‌ಡೇಟ್: ಫೋನ್ ನಂಬರಿಗೆ ಸರಿಯಾದ ರೇಟ್ ಕೊನೆಗೂ ಸಿಕ್ಕಿತು
ಹೋದ ವಾರ ಕೇಳಿದ್ದೆನಲ್ಲ, ಕಾರವಾರದ ನಮ್ಮ ಆಫೀಸಿನ ಕಾಲ್ ಬಿಲ್‌ನಲ್ಲಿ ಒಂದೇ ಕಾಲ್‌ಗೆ ಎರಡೆರಡು ರೇಟ್ ಬರುತ್ತಿದೆ ಅಂತ. ಡೇಟಾಬೇಸಿನ ರೇಟ್ ಪಟ್ಟಿಯಲ್ಲಿ ಪ್ರತಿ ಪ್ರಿಫಿಕ್ಸ್‌ಗೂ (ನಂಬರಿನ ಮೊದಲ ಅಂಕಿಗಳಿಗೂ) ಒಂದೊಂದು ರೇಟ್. ದುಬೈ ಮೊಬೈಲ್ ನಂಬರು 971ಕ್ಕೂ ಹೊಂದುತ್ತಿತ್ತು, 97150ಕ್ಕೂ ಹೊಂದುತ್ತಿತ್ತು; ಬೇಕಾದದ್ದು ಉದ್ದದ್ದರ ರೇಟ್ ಮಾತ್ರ.

ಎಸ್‌ಕ್ಯೂಎಲ್‌ನ ಲೈಕ್ (LIKE, ಶುರುವಿನ ಅಂಕಿಗಳನ್ನು ಹೊಂದಿಸಿ ನೋಡುವ ಷರತ್ತು) ಹಾಕಿ, ಉದ್ದದ ಪ್ರಿಫಿಕ್ಸ್ ಮೇಲೆ ಬರುವಂತೆ ಸಾರ್ಟ್ ಮಾಡಿ ಅಂದವರ ಉತ್ತರ ಸರಿಯೇ. ಆದರೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಬಳಕೆಯಾಗಲಿಲ್ಲ. ಚಾ ಕುಡಿದು ಬಂದರೂ ಕ್ವೆರಿ (ಡೇಟಾಬೇಸಿನ ಹುಡುಕಾಟ) ಮುಗಿದಿರುತ್ತಿರಲಿಲ್ಲ. ಕೆಲಸಕ್ಕೆ ಬಂದದ್ದು ಇನ್ನೊಬ್ಬರ ಉಪಾಯ: ನಂಬರನ್ನೇ 9, 97, 971, 9715, 97150 ಅಂತ ತುಂಡು ಮಾಡಿ, ಇನ್ (IN, ಇವುಗಳಲ್ಲಿ ಯಾವುದಿದ್ದರೂ ತಾ ಅನ್ನುವ ಷರತ್ತು) ಪಟ್ಟಿಯಲ್ಲಿ ಕೊಟ್ಟು, ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸುವುದು. ಈಗ ಚಾ ಕುಡಿಯಲು ನೆಪವೇ ಇಲ್ಲ.

ಮಜಾ ಅಂದ್ರೆ, ಶಿರಸಿ ಕಾಲ್ ಆಮೇಲೂ ತಪ್ಪೇ. ರೇಟ್ ಪಟ್ಟಿ ಎಕ್ಸೆಲ್‌ನಿಂದ ಬರುವಾಗ ಶಿರಸಿಯ ಕೋಡ್ 08384ರ ಮೊದಲ ಸೊನ್ನೆ ಉದುರಿ ಹೋಗಿತ್ತು! ಕಾಲಮ್ಮನ್ನು ಟೆಕ್ಸ್ಟ್ ಮಾಡಿ ಮತ್ತೆ ತುಂಬಿದೆ.